ನಾಲಿಗೆಯಡಿಯ ಮಾತ್ರೆ

ಮಾದಕ ವಸ್ತುವಿನ ಚಟ ಹತ್ತಿದವನನ್ನು ಕೋಣೆಯಲ್ಲಿ ಕೂಡಿಹಾಕಿದರೆ ಸರಿಹೋಗುತ್ತಾನೆ ಎಂಬ ನಂಬಿಕೆ ಹಳೆಯದು. ಹೆರಾಯಿನ್‌, ಅಫೀಮಿನಂಥ ವಸ್ತುಗಳ ವಿಷಯದಲ್ಲಿ ಈ ನಂಬಿಕೆ ಪ್ರಾಣಕ್ಕೇ ಎರವಾಗಬಹುದು. ಏಕೆಂದು ತಿಳಿಯಲು ಮಿದುಳಿನೊಳಗೆ ಇಣುಕಬೇಕು.

ಅಫೀಮು ವರ್ಗದ ರಾಸಾಯನಿಕಗಳು ಬಂದು ಕೂರುವ ಗ್ರಾಹಕಗಳು ಮಿದುಳಿನ ನರಕೋಶಗಳ ಮೇಲಿವೆ ಎಂಬುದನ್ನು ವಿಜ್ಞಾನಿಗಳು 1973ರಲ್ಲಿ ತೋರಿಸಿದರು. ಗಸಗಸೆ ಗಿಡದ ಹಾಲಿಗೆಂದು ಮಿದುಳು ಬೀಗ ಇಟ್ಟುಕೊಂಡಿದ್ದೇಕೆ? ಉತ್ತರ 1975ರಲ್ಲಿ ಸಿಕ್ಕಿತು. ನೋವು ತಣಿಸಲು ದೇಹವೇ ತಯಾರಿಸಿಕೊಳ್ಳುವ ಎನ್‌ಕೆಫಾಲಿನ್‌ಗಳಿಗೆಂದು ಇರುವ ಬೀಗ ಅದು. ಹೆರಾಯಿನ್‌ ಅದಕ್ಕೆ ಕಳ್ಳಕೀಲಿ. ದಿನವೂ ಅದು ಒಳಬಂದರೆ ನರಕೋಶಗಳು ಒಗ್ಗಿಕೊಳ್ಳುತ್ತವೆ. ಮೊದಲಿನ ಅಮಲಿಗೆ ಹೆಚ್ಚು ಪ್ರಮಾಣ ಬೇಕಾಗುತ್ತದೆ. ನಿಲ್ಲಿಸಿದರೆ ಮೂಗು ಸೋರುವುದು, ಮೈಕೈ ನೋವು, ಭೇದಿ, ನಿದ್ದೆಗೇಡು.

ಕೂಡಿಹಾಕಿದಾಗ ಈ ಯಾತನೆ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಮನೆಯವರು ಗೆದ್ದೆವೆಂದುಕೊಳ್ಳುತ್ತಾರೆ. ಆದರೆ ಬಯಕೆ ತಿಂಗಳುಗಟ್ಟಲೆ ಉಳಿದಿರುತ್ತದೆ; ದೇಹದ ತಾಳಿಕೆ ಮಾತ್ರ ಹೋಗಿರುತ್ತದೆ. ಹಳೆಯ ಗೆಳೆಯರು ಸಿಕ್ಕಿ, ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರಾಟ ನಿಂತುಹೋಗಬಹುದು.

ಈ ಅಪಾಯವನ್ನು ತಗ್ಗಿಸುವ ದಾರಿ ಹೊರರೋಗಿ ಚಿಕಿತ್ಸೆ. ಪಂಜಾಬ್‌ ಸರ್ಕಾರ 2017ರಿಂದ ಇದಕ್ಕೆಂದೇ ಕೇಂದ್ರಗಳನ್ನು ತೆರೆಯಿತು. ಹೆಸರು ನೋಂದಾಯಿಸಿದವರು ಸಿಬ್ಬಂದಿಯ ಎದುರಿನಲ್ಲೇ ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಕರಗಿಸಿಕೊಂಡು ತಮ್ಮ ಕೆಲಸಕ್ಕೆ ಹೋಗುವುದು ಅಲ್ಲಿನ ಮೂಲ ಕ್ರಮ. 2020ರ ಕೊರೊನಾ ದಿಗ್ಬಂಧನದಲ್ಲಿ ಹಲವು ದಿನಗಳ ಮಾತ್ರೆಯನ್ನು ಮನೆಗೇ ಕೊಡಲಾಯಿತು.

ಮಾತ್ರೆಯಲ್ಲಿ ಎರಡು ಔಷಧಗಳಿವೆ. ಬ್ಯುಪ್ರೆನಾರ್ಫಿನ್‌ ಅದೇ ಗ್ರಾಹಕದ ಮೇಲೆ ಕುಳಿತರೂ ಬೀಗವನ್ನು ಅರ್ಧ ಮಾತ್ರ ತೆರೆಯುತ್ತದೆ. ಯಾತನೆ ತಗ್ಗುತ್ತದೆ, ಅಮಲೇರುವುದಿಲ್ಲ. ಒಂದು ಮಿತಿಯ ನಂತರ ಪ್ರಮಾಣ ಹೆಚ್ಚಿದರೂ ಪರಿಣಾಮ ಹೆಚ್ಚದು. ನುಂಗಿದರೆ ಬಹುಪಾಲು ಯಕೃತ್ತಿನಲ್ಲೇ ನಾಶವಾಗುವುದರಿಂದ ನಾಲಿಗೆಯಡಿ ಇಡಬೇಕು. ಜೊತೆಗಿರುವ ನಲಾಕ್ಸೋನ್‌ ಕಾವಲುಗಾರ. ನಾಲಿಗೆಯಡಿಯಲ್ಲಿ ಅದು ಸುಮ್ಮನಿರುತ್ತದೆ; ಮಾತ್ರೆ ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಂಡರೆ ಅಮಲನ್ನು ತಡೆಯುತ್ತದೆ. ಮೊದಲ ಮಾತ್ರೆ ಯಾವಾಗ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಮದ್ಯ, ನಿದ್ದೆಮಾತ್ರೆಗಳ ಜೊತೆ ಸೇರಿದರೆ ಅಪಾಯ.

‘ಒಂದು ಚಟ ಬಿಟ್ಟು ಇನ್ನೊಂದು ಹಿಡಿದಂತಾಯಿತಲ್ಲ?’ ಎಂದು ಹೆತ್ತವರು ಕೇಳುತ್ತಾರೆ. ಸಾಲ, ಕಳ್ಳತನ, ಸೂಜಿಗಳಿಂದ ಹೊರಬಂದು ಮಗ ತರಗತಿಗೆ ಹೋಗುವಂತಾದರೆ ಅದು ಚಟವಲ್ಲ, ಚಿಕಿತ್ಸೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಈ ಔಷಧವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅವಸರದಿಂದ ನಿಲ್ಲಿಸಿದವರಲ್ಲಿ ಚಟ ಮರುಕಳಿಸುವುದೇ ಹೆಚ್ಚು. ಮಾತ್ರೆಯ ಜೊತೆ ಆಪ್ತಸಲಹೆಯೂ ಬೇಕು. ಗಾಂಜಾ ಚಟಕ್ಕೆ ಇಂಥ ಮಾತ್ರೆಯಿಲ್ಲ. ಅಲ್ಲಿ ಆಪ್ತಸಲಹೆಯೇ ಮುಖ್ಯ ಚಿಕಿತ್ಸೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಅಫೀಮು ವರ್ಗದ ವಸ್ತುಗಳಿಂದ ತೊಂದರೆಗೊಳಗಾಗಿ ನೆರವು ಬೇಕಿದ್ದವರು ದೇಶದಲ್ಲಿ ಸುಮಾರು 77 ಲಕ್ಷ. ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರಿಗೆ ಒಂದು ಸಂಗತಿ ತಿಳಿದಿರಲಿ: 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕು, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಹೊರರೋಗಿ ವಿಭಾಗವಿದೆ. 14446 ರಾಷ್ಟ್ರೀಯ ಉಚಿತ ಸಹಾಯವಾಣಿ.

ಮಗನ ನಡತೆಯಲ್ಲಿ ಅನುಮಾನ ಬಂದರೆ ಕೋಣೆಗೆ ಚಿಲಕ ಹಾಕುವ ಬದಲು ಅವನ ಜೊತೆಗೇ ಆಸ್ಪತ್ರೆಗೆ ಹೊರಡುವುದು ಮೇಲು.