ಮೊದಲ ಪೀಠದ ಪಿಟೀಲು

ಪಾಶ್ಚಾತ್ಯ ಸಿಂಫೊನಿ ವಾದ್ಯವೃಂದದಲ್ಲಿ ಕಂಡಕ್ಟರನ ಎಡಗಡೆಗೆ, ಮೊದಲ ಪಿಟೀಲುಗಳ ಸಾಲಿಗೆಲ್ಲ ಮುಂದಾಗಿ, ಸಭಿಕರಿಗೆ ಅತ್ಯಂತ ಸಮೀಪವಾದ ಪೀಠದಲ್ಲಿ ಕುಳಿತಿರತಕ್ಕ ವಾದಕನಿಗೆ ಕನ್ಸರ್ಟ್‌ಮಾಸ್ಟರ್ ಎಂದು ಹೆಸರು. ಇಂಗ್ಲೆಂಡಿನಲ್ಲಿ ಅವನನ್ನು ಲೀಡರ್ ಎನ್ನುವರು. ಕಛೇರಿ ಮುಗಿದೊಡನೆ ಕಂಡಕ್ಟರನು ಕೈಕುಲುಕುವುದು ಇವನೊಡನೆ. ಆದರೂ ಮರುದಿನದ ವಿಮರ್ಶೆಯಲ್ಲಿ ಇವನ ಹೆಸರು ಕಾಣುವುದು ಅಪರೂಪ. ಇಂಥವನ ವಿಷಯದಲ್ಲಿ ರಸಿಕರೊಳಗೆ ಒಂದು ಲಘುವಾದ ಅಭಿಪ್ರಾಯವು ನೆಲೆಸಿಬಿಟ್ಟಿದೆ: ಏಕವಾದಕನಾಗಿ ಲೋಕವನ್ನು ಒಲಿಸಿಕೊಳ್ಳಲಾರದವನು ಸಂಬಳದ ಆಶ್ರಯವನ್ನರಸಿ ಬಂದು ಸೇರುವ ಸ್ಥಾನವಿದು ಎಂದು. ಈ ಮಾತು ಸರಿಯೇ ಎಂಬ ಪ್ರಶ್ನೆಯು ಪಿಟೀಲಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಲವರೊಳಗೊಬ್ಬನಾಗಿ ಕುಳಿತು ಹಲವರನ್ನು ನಡೆಸುವ ವಿದ್ಯೆಯು ಒಬ್ಬನೇ ನಿಂತು ಬೆಳಗುವ ವಿದ್ಯೆಗಿಂತ ಕೀಳೋ, ಅಥವಾ ಅದರಿಂದ ಬೇರೆಯೋ ಎಂಬುದನ್ನು ಅದು ಕೇಳುತ್ತದೆ.

ಅಭಿಪ್ರಾಯಕ್ಕೆ ಆಧಾರವೇ ಇಲ್ಲವೆಂದಲ್ಲ. ಈ ಪೀಠದ ಅಭ್ಯರ್ಥಿಯಿಂದ ಪರೀಕ್ಷಕರು ಅಪೇಕ್ಷಿಸುವುದು ಏಕವಾದಕನ ಸಾಮಗ್ರಿಯನ್ನೇ: ದೊಡ್ಡ ಕನ್ಚೆರ್ಟೊಗಳನ್ನು ನುಡಿಸಬೇಕು, ರಿಮ್‌ಸ್ಕಿ-ಕೊರ್ಸಕೊವನ 1888ರ ‘ಷೆಹೆರಜಾದೆ’ಯಲ್ಲಿ ಕಥೆ ಹೇಳುವ ರಾಣಿಯ ಧ್ವನಿಯಾಗಿ ಬರುವ ಒಂಟಿ ಪಿಟೀಲನ್ನೂ, ರಿಚರ್ಡ್ ಸ್ಟ್ರಾಸನ ‘ಐನ್ ಹೆಲ್ಡನ್‌ಲೆಬನ್’ ಕೃತಿಯಲ್ಲಿ ನಾಯಕನ ಸಂಗಾತಿಯ ಚಂಚಲ ಸ್ವಭಾವವನ್ನು ಚಿತ್ರಿಸುವ ದುಸ್ಸಾಧ್ಯ ಭಾಗವನ್ನೂ ನುಡಿಸಿ ತೋರಿಸಬೇಕು. ಇಷ್ಟೆಲ್ಲವನ್ನೂ ಗೆದ್ದು ಪೀಠವೇರಿದ ಮೇಲೆ, ವರ್ಷದ ಬಹುಪಾಲು ಸಂಜೆಗಳಲ್ಲಿ, ಅವನ ನಾದವು ಪ್ರತ್ಯೇಕವಾಗಿ ಕೇಳಿಬಂದಿತೆಂದರೆ ಅದು ಗುಣವಲ್ಲ, ದೋಷ.

ಹಾಗಾದರೆ ಅವನು ಮಾಡತಕ್ಕ ಕೆಲಸವೇನು? ಅಭ್ಯಾಸ ಪ್ರಾರಂಭವಾಗುವುದಕ್ಕೆ ಮುಂಚೆಯೇ ಅವನು ಸೀಸದಕಡ್ಡಿ ಹಿಡಿದು ತನ್ನ ಸ್ವರಲಿಪಿಯ ಹಾಳೆಯ ಮೇಲೆ, ಯಾವ ಸ್ವರಕ್ಕೆ ಕಮಾನು ಮೇಲಕ್ಕೆ, ಯಾವುದಕ್ಕೆ ಕೆಳಕ್ಕೆ, ಎಷ್ಟು ಸ್ವರಗಳು ಒಂದೇ ಎಳೆತದಲ್ಲಿ ಎಂಬುದನ್ನೆಲ್ಲ ಗುರುತು ಮಾಡುತ್ತಾನೆ. ಆ ಗುರುತುಗಳು ಕೊನೆಯ ಸಾಲಿನವರೆಗೂ ನಕಲಾಗಿ ಹೋಗುತ್ತವೆ. ಕಂಡಕ್ಟರನು “ಇಲ್ಲಿ ಇನ್ನಷ್ಟು ವಿಷಾದ ಬೇಕು” ಎಂದು ಹೇಳಿ ಸುಮ್ಮನಾಗಬಹುದು. ಆ ವಿಷಾದವು ಕಮಾನಿನ ತುದಿಯಿಂದ ಬರಬೇಕೋ ಬುಡದಿಂದಲೋ, ಯಾವ ತಂತಿಯ ಮೇಲೆ, ಎಷ್ಟು ಒತ್ತಡದಿಂದ ಎಂಬುದನ್ನು ನಿರ್ಣಯಿಸತಕ್ಕವನು ಇವನು. ಭಾವವನ್ನು ಮಾಂಸಖಂಡಗಳ ಭಾಷೆಗೆ ಇಳಿಸುವ ಈ ವಿದ್ಯೆಯು ತಾನೂ ಅದೇ ಸ್ವರವನ್ನು ಅದೇ ಕ್ಷಣದಲ್ಲಿ ನುಡಿಸುತ್ತಿರುವವನಿಗಲ್ಲದೆ ಬೇರೊಬ್ಬನಿಗೆ ಸಾಧ್ಯವಾಗಲಾರದು. ಕೋಲು ಹಿಡಿದವನ ಕೈ ಶಬ್ದವನ್ನು ಹುಟ್ಟಿಸುವುದಿಲ್ಲವೆಂಬುದನ್ನು ನಾವು ಎಷ್ಟು ಸುಲಭವಾಗಿ ಮರೆಯುತ್ತೇವೆ!

ಅವನ ವಾದ್ಯವೂ ಪೂರ್ತಿಯಾಗಿ ಅವನದಲ್ಲ. 1986ರ ಜುಲೈ ತಿಂಗಳಿನಲ್ಲಿ ಟ್ಯಾಂಗಲ್‌ವುಡ್‌ನಲ್ಲಿ ಬಾಸ್ಟನ್ ಸಿಂಫೊನಿಯೊಡನೆ, ಲೆನರ್ಡ್ ಬರ್ನ್‌ಸ್ಟೈನನ ‘ಸೆರೆನೇಡ್’ ಕೃತಿಯನ್ನು ಸ್ವತಃ ಅವನ ನಿರ್ದೇಶನದಲ್ಲಿಯೇ ನುಡಿಸುತ್ತಿದ್ದ ಹದಿನಾಲ್ಕು ವರ್ಷದ ಮಿಡೋರಿಯ ಪಿಟೀಲಿನ ತಂತಿ ಕಡಿಯಿತು. ಅವಳು ನೇರವಾಗಿ ಕನ್ಸರ್ಟ್‌ಮಾಸ್ಟರ್ ಮಾಲ್ಕಮ್ ಲೋವನ ಕಡೆಗೆ ತಿರುಗಿದಳು. ಅವನು ತನ್ನ ಸ್ಟ್ರಾಡಿವೇರಿಯಸ್ಸನ್ನು ಕೊಟ್ಟನು. ಸ್ವಲ್ಪ ಹೊತ್ತಿನಲ್ಲಿ ಅದರ ತಂತಿಯೂ ಕಡಿಯಲಾಗಿ, ಅದೇ ಸಾಲಿನಿಂದ ಮತ್ತೊಂದು ಪಿಟೀಲು ಅವಳ ಕೈ ಸೇರಿತು, ಸಂಗೀತ ನಿಲ್ಲಲಿಲ್ಲ. ಲೋಕವು ಆ ಬಾಲಿಕೆಯ ಧೈರ್ಯವನ್ನು ಕೊಂಡಾಡಿದ್ದು ನ್ಯಾಯವೇ. ಆದರೆ ತನ್ನ ಅಮೂಲ್ಯ ವಾದ್ಯವನ್ನು ಕ್ಷಣಮಾತ್ರವೂ ಅನುಮಾನಿಸದೆ ಕೈಬಿಟ್ಟ ಆ ಅಭ್ಯಾಸವು ಒಂದು ದಿನದಲ್ಲಿ ಬರುವಂಥದಲ್ಲ.

ಇತಿಹಾಸವನ್ನು ನೋಡಿದರೆ ಹೊಸಬನು ಕಂಡಕ್ಟರನೇ ಹೊರತು ಇವನಲ್ಲ. ಹೈಡನ್ನನು 1791ರಲ್ಲಿ ಲಂಡನ್ನಿಗೆ ಬಂದಾಗ ವೃಂದವನ್ನು ಪಿಟೀಲಿನಿಂದ ನಡೆಸಿದವನು ಅವನನ್ನು ಕರೆತಂದ ಸಾಲೊಮೊನ್. ಪ್ಯಾರಿಸಿನಲ್ಲಿ 1828ರಿಂದ ಹಬೆನೆಕ್ ಕೋಲಿಗೆ ಬದಲಾಗಿ ಕಮಾನನ್ನೇ ಹಿಡಿದು ಬೀಥೊವನ್ನನ ಸಿಂಫೊನಿಗಳನ್ನು ನಿರ್ವಹಿಸಿದನು. ಲೈಪ್‌ಜಿಗ್ಗಿನ ಗೆವಾಂಡ್‌ಹೌಸಿನಲ್ಲಿ 1836ರಿಂದ ಆ ಪೀಠದಲ್ಲಿದ್ದ ಫರ್ಡಿನಾಂಡ್ ಡೇವಿಡನಿಗಾಗಿ ಮೆಂಡೆಲ್ಸನ್ ತನ್ನ ಪ್ರಸಿದ್ಧ ಪಿಟೀಲು ಕನ್ಚೆರ್ಟೊವನ್ನು ಬರೆದನು.

ಆದರೂ ಈ ವೃತ್ತಿಯ ಗೌರವವನ್ನೂ ಅದರ ಕಷ್ಟವನ್ನೂ ಒಟ್ಟಿಗೆ ಅರಿಯಬೇಕಾದರೆ ವಿಯೆನ್ನಾದ ಆರ್ನಾಲ್ಡ್ ರೋಜೆಯ ಜೀವನವನ್ನು ನೋಡಬೇಕು. 1881ರಲ್ಲಿ, ಇನ್ನೂ ಹದಿನೆಂಟು ತುಂಬದ ಹುಡುಗನಾಗಿ ಆಸ್ಥಾನದ ಆಪೆರಾ ವೃಂದದ ಮೊದಲ ಪೀಠವನ್ನೇರಿದ ಅವನು 1938ರವರೆಗೆ ಅಲ್ಲಿದ್ದನು. ಈ ನಡುವೆ ಮಾಹ್ಲರ್ 1897ರಲ್ಲಿ ನಿರ್ದೇಶಕನಾಗಿ ಬಂದನು, ರೋಜೆಯ ಭಾವಮೈದುನನಾದನು, 1907ರಲ್ಲಿ ಬಿಟ್ಟುಹೋದನು; ಅವನ ಹಿಂದೆ ಇನ್ನೆಷ್ಟೋ ಮಂದಿ ಬಂದು ಹೋದರು. ವಿಯೆನ್ನಾದ ತಂತಿವಾದ್ಯಗಳಿಗೆ ಒಂದು ವಿಶಿಷ್ಟ ನಾದವಿದೆಯೆಂದು ಲೋಕವು ಹೇಳುವುದಾದರೆ, ಆ ನಾದವು ಬಂದುಹೋಗುವ ನಿರ್ದೇಶಕರಲ್ಲಿ ನಿಂತಿತ್ತೋ, ಐವತ್ತೇಳು ವರ್ಷ ಕದಲದೆ ಕುಳಿತವನಲ್ಲಿ ನಿಂತಿತ್ತೋ? ನಾಜಿಗಳು ಆಸ್ಟ್ರಿಯವನ್ನು ಆಕ್ರಮಿಸಿದಾಗ, ಯೆಹೂದ್ಯನೆಂಬ ಒಂದೇ ಕಾರಣದಿಂದ, ಅವನನ್ನು ಆ ಪೀಠದಿಂದ ಎಬ್ಬಿಸಿ ಹೊರಗೆ ಹಾಕಿದರು. ಲಂಡನ್ನಿನಲ್ಲಿ ನಿರಾಶ್ರಿತನಾಗಿ 1946ರಲ್ಲಿ ತೀರಿಕೊಂಡನು. ಔಷ್ವಿಟ್ಸ್‌ನ ಬಂದಿನಿಯರ ವಾದ್ಯವೃಂದವನ್ನು ನಡೆಸಿದ ಅವನ ಮಗಳು ಆಲ್ಮಾ ಅದಕ್ಕೆ ಎರಡು ವರ್ಷ ಮೊದಲೇ ಅಲ್ಲಿ ಮಡಿದಿದ್ದಳು.

ನಮ್ಮ ಮೈಸೂರಿಗೂ ಈ ಕಥೆಯೊಡನೆ ಒಂದು ಸಂಬಂಧವುಂಟು. 1950ರ ಮೇ ತಿಂಗಳಿನಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳ ಪ್ರಥಮ ಗಾಯನವು ಜಯಚಾಮರಾಜ ಒಡೆಯರ ಧನಸಹಾಯದಿಂದ ನಡೆಯಿತು. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ನಿರ್ದೇಶಿಸಿದವನು ಫುರ್ಟ್‌ವೆಂಗ್ಲರ್ ಎಂದು ಬಲ್ಲವರೆಲ್ಲ ಹೇಳುತ್ತಾರೆ. ಮೂರನೆಯ ಹಾಡಿನ ನಡುವೆ ಗಾಯಕಿ ಮೌನವಾಗಿ, ಅವಳು ಹೇಳದೆ ಉಳಿಸಿದ್ದನ್ನೆಲ್ಲ ಒಂದು ಪಿಟೀಲು ಎತ್ತಿಕೊಳ್ಳುತ್ತದೆ. ಅಂದು ನುಡಿಸಿದ ಫಿಲ್‌ಹಾರ್ಮೋನಿಯಾ ವೃಂದದ ಮೊದಲ ಪೀಠದಲ್ಲಿ ಆ ಕಾಲಕ್ಕೆ ಮನೂಗ್ ಪರಿಕಿಯನ್ ಎಂಬವನು ಇದ್ದನೆಂದು ಎಷ್ಟು ಮಂದಿ ಹೇಳಿಯಾರು?

ಕೀರ್ತಿಯ ಕೊರತೆ ನಿಜ. ಅದರಿಂದಲೇ ಬಾಸ್ಟನ್ನಿನ ಮೊದಲ ಪೀಠದಲ್ಲಿದ್ದ ಜೋಸೆಫ್ ಸಿಲ್ವರ್‌ಸ್ಟೈನನಂಥವರು ಕೊನೆಗೆ ಕೋಲನ್ನು ಹಿಡಿದರೆಂದು ವಾದಿಸುವವರಿದ್ದಾರೆ. ಆದರೆ ಈ ಸ್ಥಾನವನ್ನು ಏಕವಾದಕನ ಅಳತೆಗೋಲಿನಿಂದ ಅಳೆಯುವುದೇ ತಪ್ಪೆಂದು ನನಗೆ ತೋರುತ್ತದೆ. ಇದರ ನಿಜವಾದ ಬಂಧುವು ನಾಲ್ವರೇ ಕೂಡಿ ನುಡಿಸುವ ಕ್ವಾರ್ಟೆಟ್ಟು. ಅಲ್ಲಿ ಮೊದಲ ಪಿಟೀಲುಗಾರನು ಉಳಿದ ಮೂವರನ್ನು ಆಲಿಸುತ್ತಲೇ ಮುನ್ನಡೆಸಬೇಕು. ರೋಜೆಯು ತನ್ನ ಹೆಸರಿನ ಕ್ವಾರ್ಟೆಟ್ಟನ್ನು ದಶಕಗಟ್ಟಲೆ ನಡೆಸಿ ಷೋನ್‌ಬರ್ಗನ ಮೊದಲ ಕ್ವಾರ್ಟೆಟ್ಟುಗಳನ್ನು ಜನರ ಪ್ರತಿಭಟನೆಯ ನಡುವೆ ನುಡಿಸಿದವನು. 1882ರಲ್ಲಿ ಸ್ಥಾಪಿತವಾದ ಬರ್ಲಿನ್ ಫಿಲ್‌ಹಾರ್ಮೋನಿಕ್ ವೃಂದವು ತನ್ನ ಮೊದಲ ಪೀಠವನ್ನು 2023ರವರೆಗೆ ಯಾವ ಸ್ತ್ರೀಗೂ ಕೊಟ್ಟಿರಲಿಲ್ಲ; ಸೋತವರಿಗೆ ಸಮಾಧಾನವಾಗಿ ಕೊಡುವ ಸ್ಥಾನವಾಗಿದ್ದಲ್ಲಿ ಅದನ್ನು ಇಷ್ಟು ಬಿಗಿಯಾಗಿ ಕಾಯ್ದುಕೊಳ್ಳುವ ಅಗತ್ಯವಿರಲಿಲ್ಲ. ಕಟ್ಟಕಡೆಗೆ ಅಲ್ಲಿ ಕುಳಿತ ವಿನೆಟಾ ಸರೇಕಾ ಅದಕ್ಕೆ ಮುಂಚೆ ಹಲವು ವರ್ಷ ಆರ್ಟೆಮಿಸ್ ಕ್ವಾರ್ಟೆಟ್ಟಿನ ಮೊದಲ ಪಿಟೀಲಾಗಿದ್ದವಳು.