ಎಣ್ಣೆಯಿಲ್ಲದ ಸ್ಪಂಜು

ಕೊಂಡಾಪುರದ ಹೋಟೆಲುಗಳಲ್ಲಿ ದುಡಿಯುವ ನಮ್ಮ ಬಾಂಧವರಿಗೂ, ಸುತ್ತಲಿನ ಕಚೇರಿಗಳ ಗುಮಾಸ್ತ ಸೋದರರಿಗೂ ಮೋಟಾರ್ ಸೈಕಲ್ಲು ಶೋಕಿಯ ವಸ್ತುವಲ್ಲವೆಂಬುದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಇಡ್ಲಿಯ ಒಲೆ ಹೊತ್ತಿಸಬೇಕಾದವನು ಬಸ್ಸನ್ನು ನಂಬಿ ಕುಳಿತರೆ ಕೆಲಸ ಕೆಡುತ್ತದೆ. ಮೆಟ್ರೋ ರೈಲು 2019ರಲ್ಲಿ ರಾಯದುರ್ಗದವರೆಗೆ ಬಂದಿತಾದರೂ ಕೊಂಡಾಪುರವನ್ನು ಇನ್ನೂ ಮುಟ್ಟಿಲ್ಲ. ಆದುದರಿಂದ ಉಳಿಸಿದ ಹಣದಿಂದ ಕೊಂಡ ಸೆಕೆಂಡ್ ಹ್ಯಾಂಡ್ ಗಾಡಿಯೇ ಅವನ ಅನ್ನದ ದಾರಿ. ಆ ಗಾಡಿಯ ಆಯುಷ್ಯವನ್ನು ಕಡಿಮೆ ಮಾಡುತ್ತಿರುವ ಒಂದು ಚಿಕ್ಕ ಅಲಕ್ಷ್ಯದ ವಿಷಯವಾಗಿ ಇಂದು ನಾಲ್ಕು ಮಾತುಗಳನ್ನು ಬರೆಯಲಿಚ್ಛಿಸುತ್ತೇವೆ.

1998ರಲ್ಲಿ ನೆರೆಯ ಮಾಧಾಪುರದಲ್ಲಿ ಸೈಬರ್ ಟವರ್ಸ್ ತೆರೆದಂದಿನಿಂದ ಈ ಸೀಮೆಯಲ್ಲಿ ಕಟ್ಟಡದ ಕೆಲಸ ನಿಂತುದೇ ಇಲ್ಲ. ಇಲ್ಲಿಯ ನೆಲವೆಲ್ಲ ಗ್ರಾನೈಟ್ ಬಂಡೆ. ಅದನ್ನು ಒಡೆದು, ಕೊರೆದು, ಅಡಿಪಾಯ ತೆಗೆಯುವಾಗ ಏಳುವ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಬೆಣಚುಕಲ್ಲು ಎಂಜಿನ್ನಿನ ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿಯಾದುದು. ಅಂತಹ ಕಣವು ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಸಿಕ್ಕಿತೆಂದರೆ, ಉಪ್ಪುಕಾಗದವು ಮರವನ್ನು ಉಜ್ಜುವಂತೆ ಉಜ್ಜಿ ಸವೆಸುತ್ತದೆ. ಎಂಜಿನ್ನು ಕುಡಿಯುವ ಗಾಳಿಯೂ ಅಲ್ಪವಲ್ಲ. ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 11 ಕಿಲೋಗ್ರಾಂ, ಎಂದರೆ 9,000 ಲೀಟರಿನಷ್ಟು ಗಾಳಿ ಬೇಕು. ಅಷ್ಟೂ ಗಾಳಿಯನ್ನು ಸೋಸುವ ಹೊಣೆಯನ್ನು ಹೊತ್ತುದು ಏರ್ ಫಿಲ್ಟರ್ ಒಂದೇ.

ಈ ಫಿಲ್ಟರು ಹಲವು ಹಳೆಯ ಗಾಡಿಗಳಲ್ಲಿ ಫೋಮಿನದು, ಎಂದರೆ ಸ್ಪಂಜಿನದು. 1996ರಲ್ಲಿ ತಯಾರಿಕೆ ನಿಂತರೂ ಇಂದಿಗೂ ಬೀದಿಯಲ್ಲಿ ಕಾಣುವ ಯಮಹಾ ಆರ್‌ಎಕ್ಸ್ 100 ಇದಕ್ಕೆ ಉದಾಹರಣೆ. ಸ್ಪಂಜು ತಾನೇ ಧೂಳನ್ನು ತಡೆಯುತ್ತದೆಂದು ಅನೇಕರು ತಿಳಿದಿದ್ದಾರೆ. ರವೆಯ ಜರಡಿಯಲ್ಲಿ ಮೈದಾ ನಿಲ್ಲುವುದುಂಟೆ? ಸ್ಪಂಜಿನ ರಂಧ್ರಗಳು ನುಣ್ಣನೆಯ ಧೂಳಿಗಿಂತ ಎಷ್ಟೋ ದೊಡ್ಡವು. ಧೂಳನ್ನು ಹಿಡಿಯುವುದು ಸ್ಪಂಜಿಗೆ ಸವರಿದ ಎಣ್ಣೆ. ಬೋಂಡಾ ಕರಿಯುವ ಬಾಣಲೆಯ ಹಿಂದಿನ ಗೋಡೆಯನ್ನು ಒರಸಿದವರಿಗೆಲ್ಲ ಇದು ಗೊತ್ತು: ಜಿಡ್ಡು ಹತ್ತಿದ ಗೋಡೆ ಧೂಳನ್ನು ಹಿಡಿದು ಬಿಡುವುದಿಲ್ಲ, ಒಣ ಗೋಡೆಯ ಧೂಳು ಊದಿದರೆ ಹಾರುತ್ತದೆ.

ಹೀಗಿರಲು, ಗ್ಯಾರೇಜುಗಳಲ್ಲಿ ನಾವು ಕಾಣುತ್ತಿರುವುದೇನು? ಸ್ಪಂಜನ್ನು ಪೆಟ್ರೋಲಿನಲ್ಲಿ ಅದ್ದಿ, ಹಿಂಡಿ, ಕೊಡವಿ, ಒಣದಾಗಿಯೇ ಮತ್ತೆ ಕೂರಿಸಿ ಸರ್ವಿಸ್ ಆಯಿತೆಂದು ಹಣ ಪಡೆಯುವವರಿದ್ದಾರೆ. ಗಾಡಿಯು ಅಂದು ಹಗುರವಾಗಿ ಓಡುತ್ತದೆ, ಯಜಮಾನನಿಗೂ ಸಂತೋಷವಾಗುತ್ತದೆ. ಎಣ್ಣೆ ಕಾಣದ ಆ ಸ್ಪಂಜು ಮಾತ್ರ ಅಂದಿನಿಂದಲೇ ಧೂಳನ್ನು ಒಳಕ್ಕೆ ಬಿಡತೊಡಗುತ್ತದೆ. ಕೆಲವು ತಿಂಗಳ ತರುವಾಯ ಹೊಗೆ ಕಾಣಿಸಿ, ಎಳೆತ ಕುಗ್ಗಿ, ಸಿಲಿಂಡರನ್ನು ಬೋರ್ ಮಾಡಿಸಬೇಕಾದಾಗ ಕಾರಣ ಯಾರಿಗೂ ನೆನಪಿರುವುದಿಲ್ಲ. ಆ ಖರ್ಚನ್ನು ಹೊರುವವನು ಊರಿಗೆ ಹಣ ಕಳುಹಿಸಬೇಕಾದ ಬಡ ನೌಕರನೇ.

ಈ ಕೆಲಸಕ್ಕೆ ಪಾಂಡಿತ್ಯ ಬೇಡ. ಸ್ಪಂಜನ್ನು ಹೊರತೆಗೆದು, ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಅಂಗೈಗಳ ನಡುವೆ ಒತ್ತಿ ಒತ್ತಿ ತೊಳೆಯಬೇಕು. ಬಟ್ಟೆಯಂತೆ ತಿರುಚಿದರೆ ಹರಿಯುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಅನಂತರ ಫೋಮ್ ಫಿಲ್ಟರ್ ಎಣ್ಣೆಯನ್ನೋ, ಗಾಡಿಯ ಪುಸ್ತಕ ಹೇಳಿದ ಎಣ್ಣೆಯನ್ನೋ ಎಲ್ಲ ಕಡೆಗೂ ಸಮನಾಗಿ ಹತ್ತಿಸಿ, ಹೆಚ್ಚಾದುದನ್ನು ಒತ್ತಿ ತೆಗೆಯಬೇಕು. ಎಣ್ಣೆ ತೊಟ್ಟಿಕ್ಕುವಂತಿದ್ದರೆ ಗಾಳಿ ಕಟ್ಟಿ, ಪೆಟ್ರೋಲು ಹೆಚ್ಚು ಉರಿದು ಕಪ್ಪು ಹೊಗೆ ಬರುವುದು. ಪೆಟ್ಟಿಗೆಯ ಒಳಗನ್ನು ಒದ್ದೆ ಬಟ್ಟೆಯಿಂದ ಒರಸಿ, ಅಂಚಿನಲ್ಲಿ ಸಂದು ಉಳಿಯದಂತೆ ಕೂರಿಸಬೇಕು. ಹರಿದ ಸ್ಪಂಜನ್ನು ಬದಲಾಯಿಸುವುದೇ ಲೇಸು. ಈ ಧೂಳಿನ ಊರಿನಲ್ಲಿ ಪುಸ್ತಕ ಹೇಳಿದ ಅವಧಿಗಿಂತ ಮೊದಲೇ ಇದನ್ನು ಮಾಡುವುದು ವಿವೇಕ.

ಮೂರು ಎಚ್ಚರಿಕೆಗಳನ್ನು ಒತ್ತಿ ಹೇಳುತ್ತೇವೆ. ಮೊದಲನೆಯದು: ಪೆಟ್ರೋಲಿನಲ್ಲಿ ತೊಳೆಯಬೇಡಿರಿ. ಅದು ಸ್ಪಂಜಿನ ಅಂಟನ್ನು ಕೆಡಿಸುವುದಲ್ಲದೆ, ಹೋಟೆಲಿನ ಹಿತ್ತಿಲಲ್ಲಿ, ಗ್ಯಾಸಿನ ಒಲೆಯ ಮಗ್ಗುಲಲ್ಲಿ, ಪ್ರಾಣಕ್ಕೇ ಎರವಾಗಬಹುದು. ಎರಡನೆಯದು: ಕೈಗೆಟಕುವುದೆಂದು ಅಡಿಗೆಯ ಎಣ್ಣೆಯನ್ನು ಸವರಬೇಡಿರಿ, ಅದು ಕ್ರಮೇಣ ಅಂಟಾಗಿ ಗಟ್ಟಿಯಾಗುತ್ತದೆ. ಮೂರನೆಯದು: ಇಂದಿನ ಅನೇಕ ಗಾಡಿಗಳ ಫಿಲ್ಟರು ಕಾಗದದ್ದು. ಅದನ್ನು ತೊಳೆಯಲೂ ಕೂಡದು, ಅದಕ್ಕೆ ಎಣ್ಣೆ ಹಾಕಲೂ ಕೂಡದು. ಕಾಲ ಬಂದಾಗ ಹೊಸದನ್ನು ಹಾಕಬೇಕು. ತನ್ನ ಗಾಡಿಯದು ಯಾವ ಬಗೆಯದೆಂಬುದನ್ನು ಮೊದಲು ನೋಡಿ ತಿಳಿಯುವುದು ಅವಶ್ಯ.

ಹೋಟೆಲು ನಡೆಸಿ ಬಂದ ನಾವು ಮಾಲೀಕ ಮಿತ್ರರಿಗೂ ಒಂದು ಮಾತನ್ನು ಹೇಳಬಲ್ಲೆವು. ಗಾಡಿ ಕೆಟ್ಟು ನೌಕರನು ತಡವಾಗಿ ಬಂದ ದಿನ ಸಂಬಳ ಹಿಡಿಯುವುದು ಸುಲಭ; ವಾರದ ರಜೆಯಲ್ಲಿ ಒಲೆಯಿಂದ ದೂರ ಒಂದು ಮೂಲೆಯನ್ನೂ, ಒಂದು ಬಕೆಟ್ ನೀರನ್ನೂ ಕೊಡುವುದು ಅದಕ್ಕಿಂತ ಸುಲಭ, ಅದಕ್ಕಿಂತ ಲಾಭಕರ. ಕಾಫಿಯ ಫಿಲ್ಟರನ್ನು ದಿನವೂ ತೊಳೆಯಿಸುವ ಯಜಮಾನರು ಇದರ ಮರ್ಮವನ್ನು ಅರಿಯದವರಲ್ಲ. ನಮ್ಮ ಕನ್ನಡ ಸಂಘಗಳೂ ಉತ್ಸವಗಳ ನಡುವೆ ಒಂದು ಭಾನುವಾರವನ್ನು ಬಿಡುವು ಮಾಡಿಕೊಂಡು, ಬಲ್ಲ ಮೆಕ್ಯಾನಿಕರೊಬ್ಬರನ್ನು ಕರೆಸಿ, ಹತ್ತು ಮಂದಿ ಯುವಕರ ಕೈಯಲ್ಲಿ ಈ ಕೆಲಸವನ್ನು ಮಾಡಿಸಿ ತೋರಿಸಲಿ. ಪರಸ್ಥಳದಲ್ಲಿ ಬೆವರು ಸುರಿಸಿ ಗಳಿಸಿದುದನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಕಲಿಸುವುದೂ ಸಂಘದ ಕಾರ್ಯವೇ ಆಗಿದೆ.