ಕಾಳಗದ ರೋಬೋಟಿನ ಚಕ್ರಕ್ಕೆ ಬ್ರಷ್‌ಲೆಸ್ ಮೋಟಾರೇ ಬೇಕೆ?

ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಲ್ಲಿ ನಡೆಯುವ ರೋಬೋವಾರ್ಸ್ ಇರಲಿ, ಅಮೆರಿಕದ ಬ್ಯಾಟಲ್‌ಬಾಟ್ಸ್ ಇರಲಿ, ನೋಡುವವರ ಕಣ್ಣೆಲ್ಲ ಗಿರ್ರನೆ ತಿರುಗುವ ಆಯುಧದ ಮೇಲೆ. ಕಿಡಿ ಹಾರುವುದು ಅಲ್ಲಿ. ಎಷ್ಟೋ ಕಾಳಗಗಳು ಮುಗಿಯುವುದು ಮಾತ್ರ ಚಕ್ರಗಳಲ್ಲಿ. ರೋಬೋಟ್ ಕದಲದೆ ನಿಂತರೆ ಎಣಿಕೆ ಶುರುವಾಗುತ್ತದೆ, ಎಣಿಕೆ ಮುಗಿದರೆ ಸೋಲು. ಕಾಲೇಜಿನ ವರ್ಕ್‌ಶಾಪಿನಲ್ಲಿ 15 ಕೆ.ಜಿ. ರೋಬೋಟ್ ಕಟ್ಟಲು ಹೊರಟ ತಂಡದ ಮೊದಲ ವಾಗ್ವಾದವೂ ಇಲ್ಲಿಂದಲೇ ಹುಟ್ಟುತ್ತದೆ: ಗಾಡಿ ಓಡಿಸಲು ಹಳೆಯ ಬ್ರಷ್ ಮೋಟಾರ್ ಸಾಕೇ, ಬ್ರಷ್‌ಲೆಸ್ಸೇ ಬೇಕೇ?

ಪರ

ತೂಕಕ್ಕೆ ಮಿತಿ ಇರುವ ಕಡೆ ಗ್ರಾಂ ಗ್ರಾಂಗೂ ಲೆಕ್ಕವಿದೆ. ಅಷ್ಟೇ ಶಕ್ತಿಯ ಬ್ರಷ್ ಮೋಟಾರಿಗಿಂತ ಬ್ರಷ್‌ಲೆಸ್ ಬಹಳ ಹಗುರ. ಬ್ರಷ್ ಮೋಟಾರಿನಲ್ಲಿ ತಾಮ್ರದ ಸುರುಳಿ ಒಳಗೆ ತಿರುಗುತ್ತಿರುತ್ತದೆ, ಅದರ ಬಿಸಿ ಹೊರಬರಲು ದಾರಿ ಕಡಿಮೆ. ಬ್ರಷ್‌ಲೆಸ್‌ನಲ್ಲಿ ತಿರುಗುವುದು ಅಯಸ್ಕಾಂತ. ಸುರುಳಿ ಕದಲದೆ ಕೂತಿರುವುದರಿಂದ ಬಿಸಿ ಅದನ್ನು ಹಿಡಿದಿರುವ ಲೋಹಕ್ಕೆ ನೇರವಾಗಿ ಇಳಿಯುತ್ತದೆ. ಸವೆಯುವ ಕಾರ್ಬನ್ ಇಲ್ಲ, ಸುಟ್ಟು ಕಪ್ಪಾಗುವ ಕಮ್ಯುಟೇಟರ್ ಇಲ್ಲ. ಉಳಿದ ತೂಕವನ್ನು ಆಯುಧಕ್ಕೋ ಕವಚಕ್ಕೋ ಹಾಕಿಕೊಳ್ಳಬಹುದು.

ಬ್ರಷ್ ಪಕ್ಷದವರು ತೋರಿಸುವ ಅಗ್ಗದ ದಾರಿ ಬ್ಯಾಟರಿ ಡ್ರಿಲ್ ಬಿಚ್ಚಿ ಅದರ ಮೋಟಾರನ್ನು ಚಕ್ರಕ್ಕೆ ಹಾಕುವುದು. ಬಿಚ್ಚಲು ಕೂತರೆ ಅದೂ ಸಲೀಸಲ್ಲ. ಚಕ್‌ನ ಬಾಯಿ ಪೂರ್ತಿ ತೆರೆದಾಗ ಒಳಗೊಂದು ಸ್ಕ್ರೂ ಕಾಣುತ್ತದೆ. ಅದರ ಥ್ರೆಡ್ ಉಲ್ಟಾ, ಬಲಕ್ಕೆ ತಿರುಗಿಸಿದರೆ ಮಾತ್ರ ಬಿಚ್ಚುತ್ತದೆ. ಕ್ಲಚ್ಚನ್ನು ಜಾರದಂತೆ ಬಿಗಿಯದಿದ್ದರೆ ಎದುರಾಳಿಯನ್ನು ತಳ್ಳುವ ಹೊತ್ತಿಗೆ ಸರಿಯಾಗಿ ಕಟಕಟ ಎಂದು ಜಾರುತ್ತದೆ. ಇನ್ನೊಂದು ತೊಡಕು ಒಳಗೇ ಅಡಗಿದೆ. ಕೆಲವು ಡ್ರಿಲ್ ಮೋಟಾರುಗಳಲ್ಲಿ ಮುಂದಿನ ದಿಕ್ಕಿಗೆ ಚುರುಕಾಗಿ ಓಡಲೆಂದು ಬ್ರಷ್‌ಗಳನ್ನು ಕೊಂಚ ಸರಿಸಿ ಕೂರಿಸಿರುತ್ತಾರೆ. ರೋಬೋಟಿನ ಎಡಬಲಕ್ಕೆ ಅಂಥ ಎರಡನ್ನು ಎದುರುಬದುರಾಗಿ ಜೋಡಿಸಿದರೆ ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಬೇಕು. ಆಗ ಒಂದು ಚಕ್ರದ ವೇಗ ಹೆಚ್ಚಾಗಿ ಗಾಡಿ ಸದಾ ಒಂದೇ ಪಕ್ಕಕ್ಕೆ ಎಳೆಯುತ್ತದೆ.

ನಿಂತಲ್ಲಿಂದ ಹೊರಡುವಾಗ ಬ್ರಷ್‌ಲೆಸ್ ತಡವರಿಸುತ್ತದೆ ಎಂಬುದು ಹಳೆಯ ದೂರು. ಅಯಸ್ಕಾಂತ ತಿರುಗುವಾಗ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜ್ ನೋಡಿಯೇ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಕ) ಅದರ ಸ್ಥಾನವನ್ನು ಅಂದಾಜು ಮಾಡುತ್ತದೆ. ಮೋಟಾರ್ ನಿಂತಿದ್ದರೆ ಆ ವೋಲ್ಟೇಜೇ ಇರುವುದಿಲ್ಲ. ಇದಕ್ಕೆ ಈಗ ಪರಿಹಾರವಿದೆ. ಅಯಸ್ಕಾಂತದ ಸ್ಥಾನ ತಿಳಿಸುವ ಹಾಲ್ ಸೆನ್ಸರ್ ಇರುವ ಮೋಟಾರಿಗೆ ಬೆಂಜಮಿನ್ ವೆಡ್ಡರ್ ರೂಪಿಸಿದ ವೆಸ್ಕ್ ನಿಯಂತ್ರಕ ಒಪ್ಪುತ್ತದೆ. ಸೆನ್ಸರ್ ಇಲ್ಲದ ಸಣ್ಣ ಮೋಟಾರನ್ನು ಎಎಂ32 ಎಂಬ ಮುಕ್ತ ಫರ್ಮ್‌ವೇರ್ ಮೆಲ್ಲನೆ, ಎಳೆದಾಡದೆ ಹೊರಡಿಸುತ್ತದೆ. 1.36 ಕೆ.ಜಿ.ಯ ಪುಟ್ಟ ವರ್ಗದಲ್ಲಂತೂ ಡ್ರೋನ್ ಗಾತ್ರದ ಬ್ರಷ್‌ಲೆಸ್ ಮೋಟಾರಿನಿಂದ ಚಕ್ರ ಓಡಿಸುವುದು ಮಾಮೂಲಾಗಿದೆ.

ವಿರೋಧ

ಅಷ್ಟೊಂದು ಶಕ್ತಿ ಇಟ್ಟುಕೊಂಡು ಮಾಡುವುದೇನು? ಎದುರು ಪಕ್ಷದ ಮೊದಲ ಪ್ರಶ್ನೆ ಇದು, ಮತ್ತು ಇದು ಗಟ್ಟಿ ಪ್ರಶ್ನೆ.

ಚಕ್ರ ನೆಲಕ್ಕೆ ದಾಟಿಸಬಲ್ಲ ಬಲದ ಮಿತಿಯನ್ನು ಕೊನೆಗೆ ಗೊತ್ತುಮಾಡುವುದು ರಬ್ಬರಿನ ಹಿಡಿತ. 15 ಕೆ.ಜಿ. ರೋಬೋಟಿನ ಭಾರವೆಲ್ಲ ಓಡುವ ಚಕ್ರಗಳ ಮೇಲೆಯೇ ಇದೆ ಎಂದುಕೊಂಡರೂ ಅದು 147 ನ್ಯೂಟನ್. ಘರ್ಷಣಾಂಕ 0.8 ಎಂದು ಹಿಡಿದರೆ ತಳ್ಳುವ ಬಲ 118 ನ್ಯೂಟನ್ ಮೀರದು. 100 ಮಿ.ಮೀ. ಚಕ್ರಕ್ಕೆ ಇದು ಸುಮಾರು 5.9 ನ್ಯೂಟನ್ ಮೀಟರ್ ಟಾರ್ಕ್. ಎರಡು ಮೋಟಾರಿದ್ದರೆ ತಲಾ 3, ಅಂಗಡಿಯವರ ಲೆಕ್ಕದಲ್ಲಿ 30 ಕೆ.ಜಿ. ಸೆಂ.ಮೀ. ಅದಕ್ಕಿಂತ ಹೆಚ್ಚು ಕೊಟ್ಟರೆ ಚಕ್ರ ನಿಂತಲ್ಲೇ ಸುತ್ತುತ್ತದೆ, ಅಷ್ಟೆ.

ವೇಗದ ಲೆಕ್ಕವೂ ಹೀಗೆಯೇ. ಇದೇ ಚಕ್ರ 1,060 ಆರ್‌ಪಿಎಂನಲ್ಲಿ ತಿರುಗಿದರೆ ಗಂಟೆಗೆ 20 ಕಿ.ಮೀ. ಹಿಡಿತ ಪೂರ್ತಿ ಸಿಕ್ಕರೆ 2 ಮೀಟರಿನೊಳಗೆ ಆ ವೇಗ ಬರುತ್ತದೆ. 40 ಕಿ.ಮೀ. ಬೇಕೆಂದರೆ 8 ಮೀಟರ್ ಓಡಬೇಕು. 110 ಕೆ.ಜಿ. ದಾಟಿದ ದೈತ್ಯರು ಸೆಣಸುವ ಬ್ಯಾಟಲ್‌ಬಾಟ್ಸ್ ಅಖಾಡವೇ ಸುಮಾರು 14.6 ಮೀಟರ್ ಚೌಕ. ಅದಕ್ಕಿಂತ ಚಿಕ್ಕ ಕಣದಲ್ಲಿ 40ರ ವೇಗಕ್ಕೆ ಗೇರ್ ಹಾಕಿದ ಗಾಡಿ ವೇಗ ಹಿಡಿಯುವ ಮೊದಲೇ ಗೋಡೆಗೆ ಹೋಗಿ ಬಡಿಯುತ್ತದೆ.

ಗೇರಿನ ಮಾತಿಗೆ ಬಂದರೆ ಬ್ರಷ್‌ಲೆಸ್ ಪಕ್ಷ ನಿಜಕ್ಕೂ ಇಕ್ಕಟ್ಟಿಗೆ ಬೀಳುತ್ತದೆ. 6 ಸೆಲ್ ಲಿಪೊ ಬ್ಯಾಟರಿಯ 22.2 ವೋಲ್ಟಿಗೆ 500 ಕೆವಿ (ಅಂದರೆ ವೋಲ್ಟಿಗೆ 500 ಸುತ್ತಿನ) ಮೋಟಾರ್ 11,100 ಆರ್‌ಪಿಎಂ ತಿರುಗುತ್ತದೆ. ಅದನ್ನು 1,060ಕ್ಕೆ ಇಳಿಸಲು ಹತ್ತು ಪಟ್ಟಿಗೂ ಹೆಚ್ಚಿನ ಗೇರ್ ಬೇಕು, ಆ ಗೇರ್‌ಬಾಕ್ಸ್ ಏಟು ತಡೆಯಬೇಕು, ತೂಗಬೇಕು, ದುಡ್ಡೂ ಬೇಕು. ಡ್ರಿಲ್‌ನಲ್ಲಿ ಉಕ್ಕಿನ ಹಲ್ಲುಗಳ ಪ್ಲಾನೆಟರಿ ಗೇರ್ ಮೋಟಾರಿನ ಜೊತೆಗೇ ಬರುತ್ತದೆ. ಅದರ ಶಾಫ್ಟ್ ಪಕ್ಕದ ಏಟಿಗೆ ಬಾಗುತ್ತದೆ ನಿಜ. ಚಕ್ರದ ಆಚೆ ಬದಿಗೊಂದು ಬೇರಿಂಗ್ ಕೊಟ್ಟರೆ ಆ ಚಿಂತೆಯ ಬಹುಪಾಲು ತೀರಿತು.

ಬ್ರಷ್ ಸವೆಯುವುದಿಲ್ಲವೇ? ಸವೆಯುತ್ತದೆ. ಕಾಳಗ ಮಾತ್ರ 3 ನಿಮಿಷದ್ದು. ಬ್ರಷ್ ಮೋಟಾರನ್ನು ನಿಜವಾಗಿ ಕೊಲ್ಲುವುದು ತಪ್ಪು ಗೇರ್. ಚಕ್ರ ಜಾರುವ ಮೊದಲೇ ಮೋಟಾರ್ ಸಿಕ್ಕಿಕೊಳ್ಳುವಂತೆ ಗೇರ್ ಹಾಕಿದರೆ, ಒಳಪ್ರತಿರೋಧ 0.2 ಓಮ್ ಇರುವ ಮೋಟಾರ್ 24 ವೋಲ್ಟಿಗೆ 120 ಆಂಪಿಯರ್ ಎಳೆಯುತ್ತದೆ. ಮುಷ್ಟಿಯಷ್ಟು ಲೋಹದೊಳಗೆ 2,880 ವ್ಯಾಟ್ ಬಿಸಿ, ಮನೆಯ ಗೀಸರ್ ಉರಿದ ಹಾಗೆ. ಕೆಲವೇ ಸೆಕೆಂಡಿನಲ್ಲಿ ವಾರ್ನಿಷ್ ವಾಸನೆ ಬರುತ್ತದೆ. ಬ್ರಷ್‌ಲೆಸ್‌ಗೂ ಈ ಶಿಕ್ಷೆಯಿಂದ ವಿನಾಯಿತಿ ಇಲ್ಲ. ಅಲ್ಲಿ ಎಷ್ಟೋ ಸಲ ಮೊದಲು ಸುಡುವುದು ಇಎಸ್‌ಸಿ. ಆದ್ದರಿಂದ ಮೋಟಾರಿನ ಜಾತಿ ಯಾವುದೇ ಇರಲಿ, ಸಿಕ್ಕಿಕೊಂಡಾಗಿನ ಟಾರ್ಕಿನ ಅರ್ಧಕ್ಕೂ ಮೊದಲೇ ಚಕ್ರ ಜಾರುವಂತೆ ಗೇರ್ ಆರಿಸುವುದು ಕ್ಷೇಮ. ಈ ಲೆಕ್ಕಕ್ಕೆ ಬೇಕಾದ ಪ್ರತಿರೋಧ, ಟಾರ್ಕ್ ಸ್ಥಿರಾಂಕಗಳ ಪಟ್ಟಿ ಬ್ರೆಜಿಲ್‌ನ ರಿಯೋಬಾಟ್ಸ್ ತಂಡದ ಪ್ರಾಧ್ಯಾಪಕ ಮಾರ್ಕೊ ಆಂಟೋನಿಯೊ ಮೆಗ್ಗಿಯೊಲಾರೊ ಬರೆದ ಕೈಪಿಡಿಯಲ್ಲಿದೆ. ಹೆಸರಿಲ್ಲದ ಮೋಟಾರಿನ ಡಬ್ಬಿಯ ಮೇಲೆ ಅದನ್ನು ಹುಡುಕಿ ಪ್ರಯೋಜನವಿಲ್ಲ.

ಮೊದಲ ರೋಬೋಟ್ ಕಟ್ಟುವ ತಂಡದ ವಿಷಯದಲ್ಲಿ ವಿರೋಧ ಪಕ್ಷದ ವಾದಕ್ಕೇ ತೂಕ ಹೆಚ್ಚು. ಎರಡು ಕಾಳಗಗಳ ನಡುವಿನ ಬಿಡುವಿನಲ್ಲಿ ಬ್ರಷ್ ಮೋಟಾರಿನ ಎರಡು ತಂತಿಯನ್ನು ಬ್ಯಾಟರಿಗೆ ಮುಟ್ಟಿಸಿದರೆ ಸಾಕು, ಅದು ಬದುಕಿದೆಯೋ ಸತ್ತಿದೆಯೋ ಗೊತ್ತಾಗುತ್ತದೆ. ಬ್ರಷ್‌ಲೆಸ್‌ನ ಮೂರರಲ್ಲಿ ಒಂದು ತಂತಿ ಕಿತ್ತರೂ ಅದು ನಡುಗುತ್ತದೆಯೇ ಹೊರತು ಓಡುವುದಿಲ್ಲ, ಮತ್ತು ದೋಷ ತಂತಿಯದೋ ಇಎಸ್‌ಸಿಯದೋ ಸೆಟ್ಟಿಂಗಿನದೋ ಎಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಬ್ರಷ್‌ಲೆಸ್ ಕಲಿಯುವ ಆಸೆ ಇದ್ದರೆ ಆಯುಧದಿಂದ ಶುರುಮಾಡಬಹುದು: ಅದು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ತಿರುಗುತ್ತದೆ, ವೇಗ ಹಿಡಿಯಲು ಕೆಲವು ಸೆಕೆಂಡುಗಳ ಪುರಸೊತ್ತೂ ಇರುತ್ತದೆ.